ರೈಫಲ್ ಕೆಟ್ಟಿದೆಯೋ, ತೋಟೆ ಹೊಂದುತ್ತಿಲ್ಲವೋ: .22 ರೈಫಲ್ ಇಟ್ಟುಕೊಂಡವರಿಗೆ ದೋಷ ನಿವಾರಣೆ ಕೈಪಿಡಿ

ಮುಂಗಾರಿನ ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಬರುತ್ತವೆ. ಅವುಗಳನ್ನು ಒರೆಸಿ, ಎಣ್ಣೆ ಹಚ್ಚಿ, ನಳಿಗೆಯ ತುದಿಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಟ್ಟ ಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆ ಸ್ಪರ್ಧೆಗೆ ಮುಂಚಿನ ಎರಡು ವಾರಗಳಲ್ಲಿ ನಮ್ಮ ಅಭ್ಯಾಸದ ಮೈದಾನಕ್ಕೆ ಬರುವಷ್ಟು ದೂರುಗಳು ವರ್ಷದ ಬೇರೆ ಯಾವ ತಿಂಗಳಲ್ಲಿಯೂ ಬರುವುದಿಲ್ಲ. ಹೋದ ವರ್ಷ ಐದು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದ ಅಗಲದಲ್ಲಿ ಕೂರಿಸುತ್ತಿದ್ದ .22 ರೈಫಲ್ ಈ ಬಾರಿ ಅಂಗೈ ಅಗಲಕ್ಕೆ ಚೆಲ್ಲುತ್ತಿದೆ ಎಂದು ಒಬ್ಬರು ಹೇಳಿದರೆ, ನಾಲ್ಕು ತೋಟೆಯಲ್ಲಿ ಒಂದು ಸಿಡಿಯುತ್ತಲೇ ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಹೆಚ್ಚಿನವರು ನನ್ನ ಬಳಿಗೆ ಬರುವ ಹೊತ್ತಿಗೆ ದೂರದರ್ಶಕದ ತಿರುಪುಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಟ್ರಿಗರ್‌ನ ಬಿಗಿತವನ್ನು ಬದಲಿಸಿ, ಮೂಲ ದೋಷದ ಮೇಲೆ ಇನ್ನೆರಡು ದೋಷಗಳನ್ನು ಪೇರಿಸಿಕೊಂಡೇ ಬಂದಿರುತ್ತಾರೆ.

ನಾನು ಅವರಲ್ಲಿ ಕೇಳುವ ಮೊದಲ ಪ್ರಶ್ನೆ, ಹೊಡೆದ ಖಾಲಿ ಕೇಸ್‌ಗಳು ಎಲ್ಲಿ ಎಂಬುದು. ಆ ಹಿತ್ತಾಳೆಯ ಚೂರುಗಳನ್ನು ಮೈದಾನದಲ್ಲೇ ಬಿಟ್ಟು ಬಂದವರು ದೋಷದ ಅರ್ಧ ಸಾಕ್ಷ್ಯವನ್ನು ಅಲ್ಲೇ ಬಿಟ್ಟು ಬಂದಂತೆ. ರೈಫಲ್ ಸರಿಯಾಗಿ ನಡೆಯದಿದ್ದಾಗ ಮೊದಲು ತೋಟೆಯನ್ನೂ ಅದರ ಖಾಲಿ ಕೇಸನ್ನೂ ನೋಡಬೇಕು, ಆಮೇಲೆ ಮಾತ್ರ ತಿರುಪುಳಿಯನ್ನು ಕೈಗೆತ್ತಿಕೊಳ್ಳಬೇಕು. ಮುಂದೆ ಬರೆಯುವುದೆಲ್ಲ ಈ ಕ್ರಮವನ್ನೇ ಅನುಸರಿಸುತ್ತದೆ. ಇಲ್ಲಿ ಹೇಳಿರುವುದು ಮುಖ್ಯವಾಗಿ .22 ಬೋಲ್ಟ್ ರೈಫಲ್‌ಗಳ, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ರೈಫಲ್‌ಗಳ ಬಗ್ಗೆ; ದೊಡ್ಡ ತೋಟೆಯ .315 ಇಟ್ಟುಕೊಂಡವರಿಗೆ ಬೇಕಾದ ಕೆಲವು ಮಾತುಗಳು ಕೊನೆಯ ಭಾಗದಲ್ಲಿವೆ.

ಪರೀಕ್ಷೆಗೆ ಮುಂಚೆ

ಮ್ಯಾಗಜೀನ್ ಹೊರತೆಗೆಯಿರಿ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೆ ಹಿಡಿದು ಬೋಲ್ಟ್ ತೆರೆಯಿರಿ, ತೋಟೆ ಕೂರುವ ಚೇಂಬರಿನೊಳಗೆ ಕಣ್ಣಿನಿಂದ ನೋಡಿ, ಬಳಿಕ ಕಿರುಬೆರಳಿನ ತುದಿಯಿಂದ ಮುಟ್ಟಿಯೂ ನೋಡಿ. ಈ ಕ್ರಮ ತಪ್ಪಬಾರದು. ಮ್ಯಾಗಜೀನ್ ಒಳಗಿರುವಾಗಲೇ ಬೋಲ್ಟನ್ನು ತೆರೆದು ಮುಚ್ಚಿದರೆ ಹೊಸ ತೋಟೆಯೊಂದು ಚೇಂಬರಿಗೆ ಏರಿ ಕೂರುತ್ತದೆ, ಆದರೆ ಕೋವಿ ಖಾಲಿಯಾಯಿತೆಂದೇ ಮನಸ್ಸು ನಂಬಿರುತ್ತದೆ. ಮನೆಯೊಳಗೆ ಕುಳಿತು ರೈಫಲನ್ನು ಪರಿಶೀಲಿಸುವುದಾದರೆ ಜೀವಂತ ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಹೊಡೆದು ನೋಡುವ ಪರೀಕ್ಷೆಗಳೆಲ್ಲ ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ ಮೈದಾನದಲ್ಲೇ ನಡೆಯಬೇಕು, ಕಣ್ಣಿಗೆ ಕನ್ನಡಕ ಇರಬೇಕು. .22 ಗುಂಡು ಚಿಕ್ಕದೆಂದು ಹಗುರವಾಗಿ ನೋಡುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ, ಏಕೆಂದರೆ ಸರಿಯಾದ ಕೋನದಲ್ಲಿ ಹಾರಿದರೆ ಆ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಮರದ ಮೇಲೆ ಕಟ್ಟಿದ ಕಾಯಿಗೆ ಮೇಲ್ಮುಖವಾಗಿ ಹೊಡೆಯುವ ಕಡೆ ಕಾಯಿಯ ಹಿಂದೆ ಗುಡ್ಡದ ಮೈ ಕಾಣಿಸಬೇಕೇ ಹೊರತು ಆಕಾಶ ಕಾಣಿಸಬಾರದು.

ಈ ತೋಟೆ ಈ ಕೋವಿಯದೇ?

ನಳಿಗೆಯ ಮೇಲೆ, ಚೇಂಬರಿನ ಹತ್ತಿರ ಕೆತ್ತಿರುವ ಅಕ್ಷರಗಳನ್ನು ಓದಿ, ತೋಟೆಯ ಪೆಟ್ಟಿಗೆಯ ಮೇಲಿನ ಹೆಸರಿನೊಡನೆ ಒಂದೊಂದಾಗಿ ಹೋಲಿಸಿ. ‘ಪಾಯಿಂಟ್ ಟೂಟೂ’ ಎಂದು ನಾವೆಲ್ಲ ಒಂದೇ ಬಾಯಿಮಾತಿನಲ್ಲಿ ಹೇಳುವ ಹೆಸರಿನಡಿ ಒಂದಕ್ಕಿಂತ ಹೆಚ್ಚು ಬಗೆಯ ತೋಟೆಗಳಿವೆ: .22 ಶಾರ್ಟ್, .22 ಲಾಂಗ್, ಇಂದು ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್, ಮತ್ತು ಇವೆಲ್ಲಕ್ಕಿಂತ ಉದ್ದವೂ ದಪ್ಪವೂ ಆದ .22 ಮ್ಯಾಗ್ನಮ್. ಪರವಾನಗಿ ಪುಸ್ತಕದಲ್ಲಿ ‘.22’ ಎಂದಷ್ಟೇ ಬರೆದಿದ್ದರೆ ಅದು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ನಳಿಗೆಯ ಮೇಲಿನ ಕೆತ್ತನೆಯೇ ಕೊನೆಯ ಮಾತು. ಕೆತ್ತನೆ ಸವೆದು ಓದಲಾಗದಿದ್ದರೆ, ಚೇಂಬರಿನ ಅಚ್ಚು ತೆಗೆದು ಅಳೆಯಬಲ್ಲ ಪರವಾನಗಿ ಪಡೆದ ಕೋವಿ ಕೆಲಸಗಾರರಿಗೆ ತೋರಿಸುವ ತನಕ ಆ ರೈಫಲ್‌ನಿಂದ ಹೊಡೆಯಬೇಡಿ.

ಜನರು ಸಾಮಾನ್ಯವಾಗಿ ಹೆದರುವುದು ಒಳಗೆ ಹೋಗದ ತೋಟೆಗೆ, ಆದರೆ ಹೆದರಬೇಕಾದದ್ದು ಸಲೀಸಾಗಿ ಒಳಗೆ ಹೋಗುವ ತಪ್ಪು ತೋಟೆಗೆ. ಮ್ಯಾಗ್ನಮ್ ತೋಟೆಯ ಮೈ ಸುಮಾರು 6.1 ಮಿ.ಮೀ. ದಪ್ಪವಿರುವುದರಿಂದ ಅದು ಲಾಂಗ್ ರೈಫಲ್ ಚೇಂಬರಿನಲ್ಲಿ ಕೂರುವುದಿಲ್ಲ, ಹಾಗಾಗಿ ಅಲ್ಲಿ ಅಪಾಯ ತಾನಾಗಿ ತಪ್ಪುತ್ತದೆ. ಆದರೆ ಸುಮಾರು 5.7 ಮಿ.ಮೀ. ದಪ್ಪದ ಲಾಂಗ್ ರೈಫಲ್ ತೋಟೆ ಮ್ಯಾಗ್ನಮ್ ಚೇಂಬರಿನೊಳಗೆ ಸಡಿಲವಾಗಿ ಜಾರಿ ಹೋಗುತ್ತದೆ, ಎಷ್ಟೋ ಸಲ ಸಿಡಿಯಲೂ ಸಿಡಿಯುತ್ತದೆ. ಗೋಡೆಯ ಆಸರೆಯಿಲ್ಲದ ತೆಳು ಹಿತ್ತಾಳೆ ಉಬ್ಬಿ ಸೀಳುತ್ತದೆ, ಬಿಸಿ ಅನಿಲ ಬೋಲ್ಟಿನ ಕಡೆಯಿಂದ ಹಿಂದಕ್ಕೆ, ಅಂದರೆ ಹೊಡೆಯುವವರ ಮುಖದ ಕಡೆಗೆ ನುಗ್ಗುತ್ತದೆ. ಹೊಡೆದ ಕೇಸ್ ಪೀಪಾಯಿಯಂತೆ ಉಬ್ಬಿದ್ದರೆ ಅಥವಾ ಉದ್ದುದ್ದಕ್ಕೆ ಸೀಳಿದ್ದರೆ ಮೊದಲು ಈ ತಪ್ಪನ್ನೇ ಶಂಕಿಸಿ. ಇದೇ ತರ್ಕ ಒಂದೇ ಮನೆಯಲ್ಲಿ 12 ಬೋರ್ ಮತ್ತು 20 ಬೋರ್ ಬಂದೂಕು ಎರಡನ್ನೂ ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ: 12 ಬೋರಿನದಕ್ಕಿಂತ ಸಣ್ಣದಾದ 20 ಬೋರಿನ ತೋಟೆ 12 ಬೋರಿನ ಚೇಂಬರನ್ನು ದಾಟಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ, ಚೇಂಬರ್ ಖಾಲಿಯಿದೆಯೆಂದು ಅದರ ಹಿಂದೆ 12 ಬೋರಿನ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರ್ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಈ ಕಾರಣಕ್ಕೇ.

ಶಾರ್ಟ್ ತೋಟೆಯ ತೊಂದರೆ ಅಪಾಯಕ್ಕಿಂತ ಕಿರುಕುಳದ ಜಾತಿಯದು. ಲಾಂಗ್ ರೈಫಲ್ ಚೇಂಬರಿನಲ್ಲಿ ಅದನ್ನು ಹೊಡೆಯಬಹುದಾದರೂ, ಗಿಡ್ಡ ಕೇಸಿನ ಮುಂದೆ ಉಳಿಯುವ ಜಾಗದಲ್ಲಿ ಮಸಿ ಮತ್ತು ಸೀಸದ ಉಂಗುರವೊಂದು ಕಟ್ಟಿಕೊಳ್ಳುತ್ತದೆ, ಆಮೇಲೆ ಲಾಂಗ್ ರೈಫಲ್ ತೋಟೆ ಹಾಕಿದಾಗ ಅದು ಬಿಗಿಯಾಗಿ ಕೂತು ಹೊಡೆದ ಬಳಿಕ ಹೊರಬರಲು ಹಟ ಮಾಡುತ್ತದೆ. ಅಜ್ಜನ ಕಾಲದಲ್ಲಿ ಶಾರ್ಟ್ ಹೊಡೆಯುತ್ತಿದ್ದ ರೈಫಲ್‌ನಲ್ಲಿ ಖಾಲಿ ಕೇಸ್ ಅಂಟಿಕೊಳ್ಳುವ ದೂರು ಬಂದರೆ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಬದಲಿಸುವ ಮೊದಲು ಚೇಂಬರನ್ನು ಕಂಚಿನ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ನೋಡಿ.

ಗುಂಡುಗಳು ಚೆಲ್ಲುತ್ತಿದ್ದರೆ

ಅತಿ ಹೆಚ್ಚು ಬರುವ ದೂರು ಇದು, ಮತ್ತು ಇದರಲ್ಲಿ ತೋಟೆಯ ಪಾತ್ರ ಎಷ್ಟು ದೊಡ್ಡದೆಂಬುದನ್ನು ಜನರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಮೊದಲು ಮರದ ಹಿಡಿಕೆಗೆ ಲೋಹದ ಭಾಗವನ್ನು ಕಚ್ಚಿಸುವ ತಿರುಪುಗಳೂ ದೂರದರ್ಶಕದ ಹಿಡಿಕೆಗಳೂ ಬಿಗಿಯಾಗಿವೆಯೇ ಎಂದು ಮುಟ್ಟಿ ನೋಡಿ. ಮಳೆಗಾಲದಲ್ಲಿ ಮರ ಉಬ್ಬಿ ಬಿಸಿಲಿಗೆ ಮತ್ತೆ ಕುಗ್ಗುವುದರಿಂದ ಈ ತಿರುಪುಗಳು ಸಡಿಲಾಗುವುದುಂಟು. ಅವು ಬಿಗಿಯಾಗಿದ್ದರೆ ಇನ್ನು ಯಾವುದನ್ನೂ ತಿರುಗಿಸಬೇಡಿ. ಮರಳಿನ ಚೀಲದ ಮೇಲೆ ರೈಫಲ್ ಇರಿಸಿ, ಗಾಳಿಯಿಲ್ಲದ ಬೆಳಗ್ಗೆ, 50 ಮೀಟರಿನಲ್ಲಿ, ಹೋದ ವರ್ಷ ಬಳಸಿದ ತೋಟೆಯೂ ಈ ವರ್ಷದ್ದೂ ಇದ್ದರೆ ಎರಡರಿಂದಲೂ ಐದೈದು ಗುಂಡುಗಳ ಮೂರು ಗುಂಪುಗಳನ್ನು ಬೇರೆ ಬೇರೆ ಕಾಗದದ ಮೇಲೆ ಹೊಡೆಯಿರಿ. ಹಳೆಯ ತೋಟೆಯಲ್ಲಿ ಗುಂಪು ಮತ್ತೆ ಕೂಡಿಕೊಂಡರೆ ಕೋವಿ ನಿರಪರಾಧಿ.

ಒಂದು ತೋಟೆಯಿಂದ ಇನ್ನೊಂದಕ್ಕೆ ಹೋದಾಗ ಮೊದಲ ಹತ್ತು ಹನ್ನೆರಡು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. .22 ಸೀಸದ ಗುಂಡಿನ ಮೈಗೆ ತೆಳುವಾಗಿ ಮೇಣವನ್ನೋ ಕೊಬ್ಬನ್ನೋ ಸವರಿರುತ್ತಾರೆ; ಹಿಂದಿನ ತೋಟೆಯ ಸವರಿಕೆ ನಳಿಗೆಯಿಂದ ಹೋಗಿ ಹೊಸತರದ್ದು ಹರಡಿಕೊಳ್ಳುವ ತನಕ ಗುಂಡುಗಳು ದಿಕ್ಕು ತಪ್ಪುತ್ತಲೇ ಇರುತ್ತವೆ. ಪೆಟ್ಟಿಗೆಯಿಂದ ಐದು ಹೊಡೆದು ಈ ತೋಟೆ ಚೆನ್ನಾಗಿಲ್ಲವೆಂದು ತೀರ್ಮಾನಿಸುವವರು ಎಷ್ಟೋ ಒಳ್ಳೆಯ ತೋಟೆಗಳನ್ನು ಅನ್ಯಾಯವಾಗಿ ಬದಿಗಿಟ್ಟಿರುತ್ತಾರೆ.

ಈಗ ಕಾಗದದ ಮೇಲಿನ ರಂಧ್ರಗಳನ್ನು ಓದಬೇಕು. ರಂಧ್ರಗಳು ಅಡ್ಡಕ್ಕೆ ಹರಡಿದ್ದರೆ ಗಾಳಿ, ತಿರುಪು ಅಥವಾ ಹೊಡೆಯುವವರ ಬೆರಳನ್ನು ಶಂಕಿಸಬಹುದು. ಮೇಲೆ ಕೆಳಗೆ ಏಣಿಯಂತೆ ಸಾಲಾಗಿದ್ದರೆ ಮೊದಲ ಶಂಕೆ ತೋಟೆಯ ವೇಗದ ಏರುಪೇರಿನ ಮೇಲೆ ಬೀಳಬೇಕು. ಲೆಕ್ಕ ಸರಳವಾದದ್ದು. ಸಾಮಾನ್ಯ ವೇಗದ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಗುಂಡು ನಳಿಗೆಯನ್ನು ಬಿಡುವಾಗ ಸೆಕೆಂಡಿಗೆ 325 ಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ, 50 ಮೀಟರ್ ತಲುಪುವಷ್ಟರಲ್ಲಿ ಅದು ನಳಿಗೆಯ ನೇರ ಗೆರೆಯಿಂದ ಸುಮಾರು 12 ಸೆಂ.ಮೀ. ಕೆಳಗೆ ಇಳಿದಿರುತ್ತದೆ. ಒಂದೇ ಪೆಟ್ಟಿಗೆಯ ಎರಡು ತೋಟೆಗಳ ನಡುವೆ ಸೆಕೆಂಡಿಗೆ 12 ಮೀಟರಿನಷ್ಟು ವೇಗ ವ್ಯತ್ಯಾಸವಿದ್ದರೆ ಆ ಇಳಿತದಲ್ಲಿ ಸುಮಾರು 9 ಮಿ.ಮೀ. ಅಂತರ ಬರುತ್ತದೆ, ಕೈ ಎಷ್ಟು ಸ್ಥಿರವಾಗಿದ್ದರೂ ಬರುತ್ತದೆ. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಗುರಿಫಲಕದ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ಗುರಿಫಲಕದ ಮೇಲೆ, ಇದೇ .22 ಲಾಂಗ್ ರೈಫಲ್ ತೋಟೆಯ ಸ್ಪರ್ಧೆಯಲ್ಲಿ. ಆ ಮಟ್ಟದ ಶೂಟರ್‌ಗಳು ಹೆಸರಾಂತ ತಯಾರಕರ ತೋಟೆಯನ್ನೂ ಕಣ್ಣುಮುಚ್ಚಿ ಕೊಳ್ಳದೆ, ತಮ್ಮದೇ ನಳಿಗೆಯಲ್ಲಿ ಲಾಟ್ ಲಾಟ್‌ಗಳನ್ನು (ಒಂದೇ ಸಲಕ್ಕೆ ತಯಾರಾದ ಕಂತುಗಳನ್ನು) ಹೊಡೆದು ನೋಡಿ ಆರಿಸುವುದು ಏಕೆಂದು ಈ ಎರಡು ಅಳತೆಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ತೆಂಗಿನಕಾಯಿಗೆ ಅಷ್ಟು ನಯ ಬೇಕಿಲ್ಲ, ಆದರೆ ಕಾಯಿಯ ಅಂಚನ್ನು ಸವರಿ ಹೋದ ಗುಂಡಿನ ಹಿಂದೆಯೂ ಇದೇ ಲೆಕ್ಕ ಇರಬಹುದು.

ಮುಂದಿನದು ‘ಹೈ ವೆಲಾಸಿಟಿ’ ತೋಟೆಯ ಮೋಹ. ವೇಗ ಹೆಚ್ಚಿದಷ್ಟೂ ಗುರಿ ಚೆನ್ನಾಗಿರುತ್ತದೆ ಎಂದು ನಂಬಿ, ಸಾಮಾನ್ಯ ವೇಗದ ತೋಟೆಗೆ ಸರಿಹೊಂದಿಸಿದ ರೈಫಲ್‌ಗೆ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದ ತೋಟೆ ತುಂಬುತ್ತಾರೆ. ಆಗ ಎರಡು ಬದಲಾವಣೆಗಳು ಒಟ್ಟಿಗೆ ಆಗುತ್ತವೆ. ಇಳಿತ ಕಡಿಮೆಯಾಗುವುದರಿಂದ ಗುಂಡು 50 ಮೀಟರಿನಲ್ಲಿ ಮೂರು ಸೆಂ.ಮೀ. ಆಸುಪಾಸು ಮೇಲೆ ಬೀಳುತ್ತದೆ. ಇದನ್ನು ದೂರದರ್ಶಕದಿಂದ ಸರಿಪಡಿಸಬಹುದು. ಇನ್ನೊಂದನ್ನು ಯಾವ ತಿರುಪಿನಿಂದಲೂ ಸರಿಪಡಿಸಲಾಗದು. 20 ಡಿಗ್ರಿ ಉಷ್ಣಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಶಬ್ದಕ್ಕಿಂತ ವೇಗವಾಗಿ ಹೊರಟ ಮೊಂಡು ಮೂತಿಯ ಸೀಸದ ಗುಂಡು ಬೇಗ ವೇಗ ಕಳೆದುಕೊಂಡು ಸರಿಸುಮಾರು 50 ಮೀಟರಿನ ಆಸುಪಾಸಿನಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ, ಆ ಗಡಿ ದಾಟುವಾಗ ಅದರ ಸುತ್ತಲಿನ ಗಾಳಿಯ ಒತ್ತಡ ಏರುಪೇರಾಗಿ ಗುಂಡು ನಡುಗುತ್ತದೆ. ಸಾಮಾನ್ಯ ವೇಗದ ತೋಟೆ ಆರಂಭದಿಂದಲೇ ಆ ಗಡಿಯ ಕೆಳಗಿರುವುದರಿಂದ ಅದಕ್ಕೆ ಈ ಸಂಕಟವಿಲ್ಲ. ಕಾಗದಕ್ಕೂ ಕಾಯಿಗೂ ಹೊಡೆಯುವವರಿಗೆ ಸಾಮಾನ್ಯ ವೇಗದ, ದುಂಡು ಮೂತಿಯ, ಪೂರ್ಣ ಸೀಸದ 40 ಗ್ರೇನ್ ತೋಟೆಯೇ ಸರಿಯೆಂದು ನಾನು ಹೇಳುತ್ತೇನೆ, ದುಬಾರಿ ಪೆಟ್ಟಿಗೆಯ ಕಡೆಗೆ ಕೈ ಚಾಚಿದವರಿಗೂ ಇದನ್ನೇ ಹೇಳಿದ್ದೇನೆ.

ಅಪರೂಪಕ್ಕೆ ರಂಧ್ರಗಳು ದುಂಡಗಿರದೆ ಬೀಗದ ಕಿಂಡಿಯಂತೆ ಉದ್ದವಾಗಿರುತ್ತವೆ. ಗುಂಡು ಮೂತಿ ಮುಂದಾಗಿ ಹೋಗದೆ ಅಡ್ಡಡ್ಡ ಉರುಳುತ್ತ ಹೋಗಿದೆ ಎಂಬುದಕ್ಕೆ ಇದು ಗುರುತು. ಸಾಮಾನ್ಯ .22 ನಳಿಗೆಯ ಒಳಗಿನ ಸುರುಳಿ 16 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತದೆ, ಈ ತಿರುಗುವಿಕೆ 40 ಗ್ರೇನ್ ಗುಂಡಿಗೆ ಸಾಲುತ್ತದೆ. 60 ಗ್ರೇನ್ ತೂಕದ ಉದ್ದನೆಯ ಗುಂಡಿಗೆ ಅದು ಸಾಲದು. ತೋಟೆ 40 ಗ್ರೇನಿನದೇ ಆಗಿದ್ದೂ ಗುಂಡು ಉರುಳುತ್ತಿದ್ದರೆ ನಳಿಗೆಯ ತುದಿಯ ಅಂಚು ಪೆಟ್ಟು ತಿಂದಿದೆಯೇ, ಒಳಗೆ ಸೀಸ ಕಟ್ಟಿಕೊಂಡಿದೆಯೇ ಎಂದು ನೋಡಿಸಬೇಕು.

ತೋಟೆ ಸಿಡಿಯದಿದ್ದರೆ

ಟ್ರಿಗರ್ ಎಳೆದು ಬರೀ ‘ಟಕ್’ ಎಂದಾಗ ಬೋಲ್ಟ್ ತೆರೆಯುವ ಆತುರ ಬೇಡ. ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪವಾದರೂ ಇಲ್ಲದ ಮಾತಲ್ಲ. ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ನಮ್ಮ ಮೈದಾನದಲ್ಲಿ ಪೂರ್ತಿ ಒಂದು ನಿಮಿಷ ಕಾಯುವ ನಿಯಮವಿದೆ. ಆಮೇಲೆ ಮುಖವನ್ನು ಬದಿಗಿರಿಸಿ ಬೋಲ್ಟ್ ತೆರೆದು ತೋಟೆಯನ್ನು ಹೊರತೆಗೆಯಿರಿ.

ಈಗ ಆ ತೋಟೆಯ ಹಿಂಬದಿಯ ಅಂಚನ್ನು ನೋಡಿ. .22 ತೋಟೆಯಲ್ಲಿ ಮದ್ದು ಹೊತ್ತಿಸುವ ಪುಟ್ಟ ಬಟ್ಟಲು, ಅಂದರೆ ಪ್ರತ್ಯೇಕ ಪ್ರೈಮರ್ ಇರುವುದಿಲ್ಲ. ಹೊತ್ತಿಸುವ ಮದ್ದನ್ನು ಟೊಳ್ಳಾದ ಅಂಚಿನೊಳಗೆ ಸುತ್ತಲೂ ಹರಡಿರುತ್ತಾರೆ, ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಅದು ಹೊತ್ತಿಕೊಳ್ಳುತ್ತದೆ. ಅಂಚಿನಲ್ಲಿ ಗುರುತು ಆಳವಾಗಿ, ಸ್ಪಷ್ಟವಾಗಿ ಬಿದ್ದಿದ್ದೂ ಸಿಡಿದಿಲ್ಲವೆಂದರೆ ಪಿನ್ ತನ್ನ ಕೆಲಸ ಮಾಡಿದೆ. ಪೆಟ್ಟು ಬಿದ್ದ ಜಾಗದಲ್ಲಿ ಮದ್ದು ಹರಡಿರಲಿಲ್ಲ, ಅಥವಾ ತೇವಕ್ಕೆ ಕೆಟ್ಟಿತ್ತು. ಗುರುತು ಮೇಲ್ಮೇಲೆ ಮಾತ್ರ ಇದ್ದರೆ ದೋಷ ರೈಫಲ್‌ನದು, ಮತ್ತು ಅಲ್ಲಿ ನಾನು ಮೊದಲು ಹುಡುಕುವುದು ಮುರಿದ ಭಾಗವನ್ನಲ್ಲ, ಗಟ್ಟಿಯಾದ ಎಣ್ಣೆಯನ್ನು. ಮಳೆಗಾಲಕ್ಕೆಂದು ಧಾರಾಳವಾಗಿ ಸುರಿದ ಎಣ್ಣೆ ಬೋಲ್ಟಿನೊಳಗೆ ಧೂಳಿನೊಡನೆ ಸೇರಿ ಅಂಟಾಗಿ ಪಿನ್ನಿನ ಓಟವನ್ನು ನಿಧಾನಗೊಳಿಸುತ್ತದೆ. ಬೋಲ್ಟನ್ನು ಬಿಚ್ಚಿ, ತೊಳೆದು, ಒರೆಸಿ ಒಣಗಿಸಿದ ಮೇಲೂ ಗುರುತು ಮೇಲ್ಮೇಲೆಯೇ ಇದ್ದರೆ ಆಗ ಸ್ಪ್ರಿಂಗ್ ಮತ್ತು ಪಿನ್ನಿನ ತುದಿಯ ಸವೆತದ ಪ್ರಶ್ನೆ ಬರುತ್ತದೆ. ಹಳೆಯ .22 ರೈಫಲ್‌ನಲ್ಲಿ ತೋಟೆಯಿಲ್ಲದೆ ಟ್ರಿಗರ್ ಎಳೆದು ಆಡುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ತಡೆಯಿರಿ, ಏಕೆಂದರೆ ಪಿನ್ ನೇರವಾಗಿ ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಉಬ್ಬು ಎಬ್ಬಿಸುತ್ತದೆ, ಆಮೇಲೆ ತೋಟೆ ಪೂರ್ತಿ ಒಳಕ್ಕೆ ಕೂರುವುದೇ ಇಲ್ಲ.

ತೋಟೆ ತೇವಕ್ಕೆ ಕೆಟ್ಟಿದೆ ಎಂದಾದರೆ ಅದನ್ನು ಒಣಗಿಸಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಬಿಸಿಲಿಗೆ ಹರಡುವುದು, ಒಲೆಯ ಮೇಲಿನ ಅಟ್ಟದಲ್ಲಿಡುವುದು, ಎಣ್ಣೆಯ ಬಟ್ಟೆಯಲ್ಲಿ ಸುತ್ತುವುದು, ಈ ಮೂರನ್ನೂ ನಾನು ಕಂಡಿದ್ದೇನೆ, ಮೂರೂ ತಪ್ಪು. ಶಾಖ ಮದ್ದನ್ನು ಹಾಳುಗೆಡವುತ್ತದೆ, ಎಣ್ಣೆ ಕೇಸ್ ಮತ್ತು ಗುಂಡಿನ ಸಂದಿಯಿಂದ ಒಳಕ್ಕೆ ಇಳಿದು ಮದ್ದನ್ನು ಸಾಯಿಸುತ್ತದೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್‌ನ ಒಂದು ಪೊಟ್ಟಣ, ಬೀಗವಿರುವ ಒಣ ಕಪಾಟು, ಇಷ್ಟಿದ್ದರೆ ಕೊಡಗಿನ ಜುಲೈಯನ್ನೂ ತೋಟೆ ದಾಟುತ್ತದೆ.

ಸದ್ದು ಕ್ಷೀಣವಾಗಿದ್ದರೆ

ಈ ಕೈಪಿಡಿಯಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಹೊಡೆದಾಗ ಎಂದಿನ ಸದ್ದಿನ ಬದಲು ‘ಪಟ್’ ಎಂದು ಸಣ್ಣ ಸದ್ದು ಬಂದು, ಭುಜಕ್ಕೆ ಒದೆತವೇ ತಿಳಿಯದೆ, ಕಾಗದದ ಮೇಲೆ ಹೊಸ ರಂಧ್ರ ಕಾಣದಿದ್ದರೆ ತಕ್ಷಣ ನಿಲ್ಲಿಸಿ. ತೋಟೆಯಲ್ಲಿ ಹೊತ್ತಿಸುವ ಮದ್ದು ಮಾತ್ರ ಸಿಡಿದು ಮುಖ್ಯ ಮದ್ದು ಇಲ್ಲದೆಯೋ ಪೂರ್ತಿ ಉರಿಯದೆಯೋ ಹೋದಾಗ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಹಿಂದಿನಿಂದ ಬರುವ ಎರಡನೆಯ ಗುಂಡಿಗೆ ದಾರಿಯಿಲ್ಲದೆ ಒತ್ತಡ ನಳಿಗೆಯ ಗೋಡೆಯ ಮೇಲೆ ಬೀಳುತ್ತದೆ, ಆಗ ನಳಿಗೆ ಉಂಗುರದಂತೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಅಭ್ಯಾಸದ ದಿನವೊಂದರಲ್ಲಿ ಒಬ್ಬ ಹುಡುಗ ಇಂಥದೇ ಸದ್ದಿನ ನಂತರ ಗುರಿ ತಪ್ಪಿತೆಂದು ಭಾವಿಸಿ ಬೋಲ್ಟ್ ಎಳೆದು ಮುಂದಿನ ತೋಟೆಯನ್ನು ಒಳಕ್ಕೆ ತಳ್ಳಿದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಸದ್ದಿನ ವ್ಯತ್ಯಾಸವನ್ನು ಗಮನಿಸಿ ಕೂಗಿ ತಡೆದರು. ಬೋಲ್ಟ್ ತೆಗೆದು ಹಿಂದಿನಿಂದ ನೋಡಿದಾಗ ನಳಿಗೆಯಲ್ಲಿ ಬೆಳಕೇ ಕಾಣಲಿಲ್ಲ. ಗುಂಡು ಮುಕ್ಕಾಲು ದಾರಿಯಲ್ಲಿ ನಿಂತಿತ್ತು. ಆ ಹುಡುಗನಿಗೆ ಯಾರೂ ಕೇಡು ಬಯಸಿರಲಿಲ್ಲ, ಅವನು ಅಜಾಗರೂಕನೂ ಆಗಿರಲಿಲ್ಲ. ಆ ಸಣ್ಣ ಸದ್ದಿಗೆ ಏನರ್ಥ ಎಂದು ನಾವ್ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಅಂದಿನಿಂದ ಮೈದಾನಕ್ಕೆ ಹೊಸದಾಗಿ ಬರುವ ಪ್ರತಿಯೊಬ್ಬರಿಗೂ ಗುರಿ ಹಿಡಿಯುವುದಕ್ಕಿಂತ ಮೊದಲು ಸದ್ದು ಕೇಳಿಸಿಕೊಳ್ಳುವುದನ್ನು ಹೇಳಿಕೊಡುತ್ತೇನೆ.

ಸಿಕ್ಕಿದ ಗುಂಡನ್ನು ಇನ್ನೊಂದು ತೋಟೆ ಹೊಡೆದು ಹೊರದೂಡಬಹುದೆಂಬ ಯೋಚನೆ ಕನಸಿನಲ್ಲಿಯೂ ಬರಬಾರದು. ಮೊದಲು ಚೇಂಬರ್ ಖಾಲಿ ಮಾಡಿ ಬೋಲ್ಟ್ ತೆಗೆಯಬೇಕು, ಆಮೇಲೆ ನಳಿಗೆಗೆ ಸರಿಹೊಂದುವ ಹಿತ್ತಾಳೆಯ ಸಲಾಕೆಯಿಂದ ನಿಧಾನವಾಗಿ ತಟ್ಟಿ ಗುಂಡನ್ನು ತೆಗೆಯಬೇಕು. ಈ ಕೆಲಸವನ್ನು ಕೋವಿ ಕೆಲಸಗಾರರಿಗೆ ಬಿಡುವುದು ಉತ್ತಮ. ಆ ಪೆಟ್ಟಿಗೆಯ ಉಳಿದ ತೋಟೆಗಳನ್ನೂ ಬಳಸಬೇಡಿ.

ಕೇಸ್ ಸೀಳಿದ್ದರೆ

ತೋಟೆಯ ಬಗೆ ಸರಿಯಿದ್ದೂ ಕೇಸ್ ಸೀಳುತ್ತಿದ್ದರೆ ಸೀಳು ಎಲ್ಲಿದೆ ಎಂಬುದನ್ನು ಗಮನಿಸಿ. ಹಿಂಬದಿಯ ಅಂಚು ಒಡೆದಿದ್ದರೆ ಬೋಲ್ಟಿನ ಮುಖಕ್ಕೂ ಚೇಂಬರಿಗೂ ನಡುವಿನ ಅಂತರ ಸವೆದು ಹೆಚ್ಚಿರಬಹುದು; ಸುಮಾರು ಒಂದು ಮಿ.ಮೀ. ದಪ್ಪದ ಆ ಅಂಚಿಗೆ ಹಿಂದಿನಿಂದ ಆಸರೆ ತಪ್ಪಿದರೆ ಅನಿಲ ಅಲ್ಲಿಂದಲೇ ಹೊರಬರುತ್ತದೆ. ಇದನ್ನು ಅಳತೆಯ ಗೇಜ್ ಇಲ್ಲದೆ ನಿರ್ಣಯಿಸಲಾಗದು, ಆದ್ದರಿಂದ ರೈಫಲನ್ನು ಪಕ್ಕಕ್ಕಿಡಿ. ಆದರೆ ಸೀಳು ಕೇಸಿನ ಮೈಯಲ್ಲೋ ಬಾಯಿಯ ಬಳಿಯೋ ಇದ್ದು, ಹೊಡೆಯದ ತೋಟೆಗಳಲ್ಲೂ ಕೂದಲೆಳೆಯಂಥ ಬಿರುಕುಗಳು ಕಂಡರೆ, ತೋಟೆ ಇಟ್ಟಿದ್ದ ಜಾಗವನ್ನು ನೋಡಿ ಬನ್ನಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಗೆ ಇದೇ ಕಾಟ ಎದುರಾಗಿತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ಹಿತ್ತಾಳೆಯ ತೋಟೆಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದಿಂದ ಹೊರಡುವ ಅಮೋನಿಯಾ, ಗಾಳಿಯ ತೇವ, ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದ ಸೆಳೆತ, ಈ ಮೂರೂ ಕೂಡಿದಾಗ ಲೋಹ ಸೀಳುತ್ತದೆ ಎಂಬುದು 1921ರಲ್ಲಷ್ಟೇ ಸ್ಪಷ್ಟವಾಯಿತು. ಮಳೆಗಾಲದ ಹೆಸರಿನಿಂದಲೇ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಂದಿದೆ. ಈ ಹಳೆಯ ಸಂಗತಿ ನಮ್ಮ ಕಾಫಿ ತೋಟದ ಮನೆಗಳಿಗೆ ಇಂದಿಗೂ ನೇರವಾಗಿ ಸಂಬಂಧಿಸಿದೆ. ಯೂರಿಯಾ ಮತ್ತು ಅಮೋನಿಯಂ ಸಲ್ಫೇಟ್ ಚೀಲಗಳಿರುವ ಉಗ್ರಾಣ, ದನದ ಕೊಟ್ಟಿಗೆಗೆ ತಾಗಿದ ಕೋಣೆ, ಅಮೋನಿಯಾ ಬೆರೆತ ಶುಚಿಕಾರಕದಿಂದ ಒರೆಸಿದ ಕಪಾಟು, ಇವೆಲ್ಲ ಹಿತ್ತಾಳೆಗೆ ಶತ್ರುಗಳು. ಬಿರುಕು ಕಂಡ ತೋಟೆ ನೋಡಲು ಎಷ್ಟೇ ಹೊಳಪಾಗಿರಲಿ, ಅದನ್ನು ಹೊಡೆಯುವಂತಿಲ್ಲ.

.315 ರೈಫಲ್ ಇರುವವರಿಗೆ

ಸೇನೆಯ .303 ತೋಟೆ ನಾಗರಿಕರ ಕೈಗೆ ಸಿಗಬಾರದೆಂಬ ಬ್ರಿಟಿಷರ ಕಾಲದ ನಿರ್ಬಂಧದಿಂದಾಗಿ .315 ನಮ್ಮಲ್ಲಿ ನೆಲೆಯೂರಿತು. ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯ .315 ರೈಫಲ್ ಲೀ-ಎನ್‌ಫೀಲ್ಡ್‌ನ ಮೈಕಟ್ಟನ್ನೇ ಹೊತ್ತಿರುವುದರಿಂದ ಕಣ್ಣಿಗೆ .303ರಂತೆಯೇ ಕಾಣುತ್ತದೆ, ಆದರೆ ಅದರ ತೋಟೆ 8×50 ಅಳತೆಯ ಅಂಚುಳ್ಳ ಮ್ಯಾನ್‌ಲಿಷರ್ ಜಾತಿಯದು. ಇದನ್ನು ‘8 ಎಂ.ಎಂ.’ ಎಂದು ಕರೆಯುವವರಿದ್ದಾರೆ, ಹಾಗೆ ಕರೆದು ತೋಟೆ ಕೇಳುವುದು ಅಪಾಯಕ್ಕೆ ಆಹ್ವಾನ. 8 ಮಿ.ಮೀ. ಹೆಸರಿನಡಿ ಜರ್ಮನ್ ಮೌಸರ್ ತೋಟೆಯೊಂದರಲ್ಲೇ ಎರಡು ಬಗೆಗಳಿವೆ: ಹಳೆಯದರ ಗುಂಡಿನ ವ್ಯಾಸ .318 ಅಂಗುಲ, 1905ರ ಬದಲಾವಣೆಯ ನಂತರದ್ದು .323 ಅಂಗುಲ, ಮತ್ತು ಹಳೆಯ ನಳಿಗೆಯಲ್ಲಿ ಹೊಸ ತೋಟೆ ಹೊಡೆದರೆ ಒತ್ತಡ ಮಿತಿ ಮೀರುತ್ತದೆ. ಹಾಗಾಗಿ ಅಂಗಡಿಯಲ್ಲಿ ನೆನಪಿನಿಂದ ಹೇಳದೆ, ನಳಿಗೆಯ ಕೆತ್ತನೆಯ ಚಿತ್ರವನ್ನೂ ಹಿಂದೆ ಸರಿಯಾಗಿ ನಡೆದ ತೋಟೆಯ ಪೆಟ್ಟಿಗೆಯನ್ನೂ ಒಯ್ದು ತೋರಿಸಿ. ಪುಣೆಯ ಖಡಕಿಯ ಕಾರ್ಖಾನೆಯಲ್ಲಿ ತಯಾರಾದ ತೋಟೆಯ ಹಿಂಬದಿಯಲ್ಲಿ ‘ಕೆಎಫ್’ ಮುದ್ರೆಯಿರುತ್ತದೆ.

ದೊಡ್ಡ ತೋಟೆಯ ಖಾಲಿ ಕೇಸ್ ಇನ್ನೂ ಹೆಚ್ಚು ಮಾತಾಡುತ್ತದೆ. ಪ್ರೈಮರ್‌ನ ದುಂಡು ಅಂಚು ಚಪ್ಪಟೆಯಾಗಿ ಗುಳಿಯನ್ನೆಲ್ಲ ತುಂಬಿಕೊಂಡಿದ್ದರೆ, ಅಥವಾ ಪಿನ್ ಬಿದ್ದಲ್ಲಿ ತೂತಾಗಿದ್ದರೆ, ಜೊತೆಗೆ ಬೋಲ್ಟ್ ಎತ್ತಲು ಬಲ ಬೇಕಾಗಿದ್ದರೆ ಒತ್ತಡ ಹೆಚ್ಚಾಗಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ. ಕೇಸಿನ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಅಲ್ಲಿ ಹಿತ್ತಾಳೆ ಹಿಗ್ಗಿ ತೆಳುವಾಗಿದೆ, ಕೇಸ್ ಎರಡು ತುಂಡಾಗುವ ಹಂತಕ್ಕೆ ಬಂದಿದೆ, ಬೋಲ್ಟಿನ ಮುಖಕ್ಕೂ ಚೇಂಬರಿಗೂ ನಡುವಿನ ಅಂತರವನ್ನು ಅಳೆಸಬೇಕು. ಯಾರೋ ಮರುತುಂಬಿದ, ಮೂಲ ಗೊತ್ತಿಲ್ಲದ ತೋಟೆಯನ್ನು ಉಡುಗೊರೆಯಾಗಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ಹಳೆಯ ತೋಟೆ ಹೊಡೆದ ಮಾರನೆಯ ದಿನವೇ ನಳಿಗೆಯೊಳಗೆ ತುಕ್ಕು ಕಾಣಿಸಿದರೆ ಕಾರಣ ಪ್ರೈಮರ್‌ನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್. ಅದು ಉರಿದು ಉಳಿಸುವ ಪೊಟ್ಯಾಸಿಯಂ ಕ್ಲೋರೈಡ್ ಅಡುಗೆಯ ಉಪ್ಪಿನಂತೆಯೇ ತೇವವನ್ನು ಹೀರುತ್ತದೆ, ಮತ್ತು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆ ಬಟ್ಟೆಯನ್ನು ಎಷ್ಟು ಸಲ ಎಳೆದರೂ ಉಪ್ಪು ಎಣ್ಣೆಯ ಕೆಳಗೆ ಹಾಗೆಯೇ ಕುಳಿತಿರುತ್ತದೆ. ಅದೇ ದಿನ ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

ಆರಿಸಿದ ಮೇಲೆ

ಯಾವ ತೋಟೆ ನಿಮ್ಮ ರೈಫಲ್‌ಗೆ ಒಪ್ಪಿತೆಂದು ತಿಳಿದ ದಿನ ಒಂದು ನೋಟ್‌ಬುಕ್ಕಿನಲ್ಲಿ ತಯಾರಕರ ಹೆಸರು, ಪೆಟ್ಟಿಗೆಯ ಲಾಟ್ ಸಂಖ್ಯೆ, ದಿನಾಂಕ, ಗುಂಪಿನ ಅಗಲ, ಆ ಬೆಳಗಿನ ಚಳಿ ಬಿಸಿಲು ಇಷ್ಟನ್ನೂ ಬರೆಯಿರಿ, ಕಾನೂನಿನ ಮಿತಿಯೊಳಗೆ ಅದೇ ಲಾಟ್‌ನ ತೋಟೆಯನ್ನು ಸ್ಪರ್ಧೆಯ ತನಕ ಸಾಲುವಷ್ಟು ಕೊಂಡಿಡಿ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆ ವಿನಾಯಿತಿ ಇರುವ ಮನೆಗಳಲ್ಲಿ ಬೋರ್ ಬರೆದ ಪುಸ್ತಕವೇ ಇಲ್ಲದಿರಬಹುದಾದ್ದರಿಂದ ಈ ನೋಟ್‌ಬುಕ್ ಇನ್ನೂ ಮುಖ್ಯವಾಗುತ್ತದೆ. ಮುಂದಿನ ತಲೆಮಾರಿನವರು ಕೋವಿಯನ್ನು ಕೈಗೆತ್ತಿಕೊಂಡಾಗ ಯಾವ ತೋಟೆ ಅದರದು ಎಂದು ಅವರಿಗೆ ತಿಳಿಸುವುದು ಅದೊಂದೇ.

ಪರೀಕ್ಷೆಯಲ್ಲಿ ಬೇಡವಾದ, ಸಿಡಿಯದ, ಬಿರುಕು ಬಿಟ್ಟ, ಗುರುತು ಸಿಗದ ತೋಟೆಗಳನ್ನು ಒಲೆಗೆ ಎಸೆಯಬೇಡಿ, ಹೊಳೆಗೆ ಹಾಕಬೇಡಿ, ತೋಟದ ಗುಂಡಿಯಲ್ಲಿ ಹೂಳಬೇಡಿ, ಇಕ್ಕಳದಿಂದ ಗುಂಡನ್ನು ಕಿತ್ತು ಮದ್ದು ಚೆಲ್ಲಲು ಹೋಗಬೇಡಿ. ಒಳ್ಳೆಯ ತೋಟೆಗಳೊಡನೆ ಬೆರೆಯದಂತೆ ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ ‘ಹೊಡೆಯಬಾರದು’ ಎಂದು ಬರೆದು, ಮೊದಲು ಠಾಣೆಗೋ ಪರವಾನಗಿ ಪಡೆದ ಮಾರಾಟಗಾರರಿಗೋ ತಿಳಿಸಿ, ಅವರು ಹೇಳಿದ ರೀತಿಯಲ್ಲಿ ಒಪ್ಪಿಸಿ ಬರಹದಲ್ಲಿ ರಸೀದಿ ಪಡೆದುಕೊಳ್ಳಿ.